ಗೆಳೆಯರ ಜೊತೆ ಕ್ರಾಫ್ಟ್ ಬಿಯರ್ ರುಚಿ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ನಾವೊಂದಿಷ್ಟು ಗೆಳೆಯರು ಆಗಾಗ ಭಾನುವಾರ ಮಧ್ಯಾಹ್ನ ಸೇರಿ ಬಿಯರ್ ರುಚಿ ನೋಡುತ್ತೇವೆ. ಕೆಲವು ಸಲ ಅಲ್ಲೇ ಬಿಯರ್ ತಯಾರಿಸಿ ಕೊಡುವ ಬ್ರೂಪಬ್‌ನಲ್ಲಿ, ಕೆಲವು ಸಲ ಯಾರದಾದರೂ ಮನೆಯಲ್ಲಿ. ಹೊಸದಾಗಿ ಬರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ನಿಮ್ಮ ಊರಿನಲ್ಲಿ ನೀವೇ ಇಂಥದ್ದೊಂದು ಶುರುಮಾಡಬೇಕು ಅಂತಿದ್ದರೂ ಉಪಯೋಗಕ್ಕೆ ಬರಬಹುದು.

ರುಚಿ ನೋಡೋದು ಅಂದ್ರೆ ಕುಡಿಯೋದಕ್ಕೆ ಇನ್ನೊಂದು ಹೆಸರಾ?

ಅಲ್ಲ. ಕುಡಿಯಲು ಕೂತಾಗ ಮಾತು ಎಲ್ಲೆಲ್ಲೋ ಹೋಗುತ್ತದೆ, ಬಿಯರ್ ಪಕ್ಕದಲ್ಲಿರುತ್ತದೆ. ಇಲ್ಲಿ ಮಾತೆಲ್ಲ ಗ್ಲಾಸಿನಲ್ಲಿರುವುದರ ಬಗ್ಗೆಯೇ. ಪ್ರತಿಯೊಬ್ಬರಿಗೂ ಸಿಗುವುದು ಸ್ವಲ್ಪವೇ ಸ್ವಲ್ಪ. ಅಮಲೇರಿದ ನಾಲಿಗೆಗೆ ರುಚಿ ತಿಳಿಯುವುದಿಲ್ಲ. ಹಾಗಾಗಿ ಜಾಸ್ತಿ ಕುಡಿಯಬೇಕು ಅನ್ನುವ ಮನಸ್ಸಿದ್ದ ದಿನ ದಯವಿಟ್ಟು ಈ ಕೂಟಕ್ಕೆ ಬರಬೇಡಿ.

ಕ್ರಾಫ್ಟ್ ಬಿಯರ್ ಅಂದ್ರೆ ಏನು? ಮಾಮೂಲಿ ಬಾಟಲಿ ಬಿಯರ್‌ಗಿಂತ ಏನು ಬೇರೆ?

ಸಣ್ಣ ಪ್ರಮಾಣದಲ್ಲಿ, ಒಬ್ಬ ಬ್ರೂವರ್ ಕೈಯಳತೆಯಲ್ಲಿ, ರುಚಿಯನ್ನೇ ಮುಂದಿಟ್ಟುಕೊಂಡು ಮಾಡುವ ಬಿಯರ್. ಸಾಮಾನು ಎಲ್ಲದಕ್ಕೂ ಒಂದೇ: ಮಾಲ್ಟ್, ಹಾಪ್ಸ್, ಯೀಸ್ಟ್, ನೀರು. ಮಗುವಿಗೆ ಸರಿ ಮಾಡಲು ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಪುಡಿಮಾಡುತ್ತೇವಲ್ಲ, ಬಾರ್ಲಿಯನ್ನು ಹಾಗೇ ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ಅದನ್ನು ಎಷ್ಟು ಹುರಿಯುತ್ತಾರೆ ಅನ್ನುವುದರ ಮೇಲೆ ಬಣ್ಣ ಮತ್ತು ಅರ್ಧ ರುಚಿ ನಿಂತಿದೆ. ಹಾಪ್ಸ್ ಒಂದು ಬಳ್ಳಿಯ ಹೂವು. ಕಹಿ, ಘಮ ಎರಡೂ ಅದರಿಂದ ಬರುತ್ತವೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ, ಜೊತೆಗೆ ತನ್ನದೇ ವಾಸನೆಗಳನ್ನೂ ಬಿಡುತ್ತದೆ.

ಅಂಗಡಿಯಲ್ಲಿ ಸಿಗುವ ಮಾಮೂಲಿ ಬಿಯರ್ ಬಹುತೇಕ ತಿಳಿ ಲಾಗರ್, ಅಂದರೆ ತಂಪಿನಲ್ಲಿ ನಿಧಾನವಾಗಿ ಹುದುಗಿಸಿದ್ದು. ಅದು ಕೀಳು ಅಂತ ನಾವು ಹೇಳುವುದಿಲ್ಲ. ಎಲ್ಲಿ ಕುಡಿದರೂ ಒಂದೇ ಥರ ಇರುವ ಹಾಗೆ ಮಾಡುವುದು ದೊಡ್ಡ ಕೆಲಸವೇ. ಆದರೆ ಚರ್ಚೆಗೆ ಅಲ್ಲಿ ಸಿಗುವುದು ಕಮ್ಮಿ.

ನನಗೆ ಬಿಯರ್ ಬಗ್ಗೆ ಏನೂ ಗೊತ್ತಿಲ್ಲ. ಬರಬಹುದಾ?

ಬನ್ನಿ. 21 ವರ್ಷ ತುಂಬಿರಬೇಕು, ಬೆಂಗಳೂರಿನ ಬ್ರೂಪಬ್‌ಗಳು ಅದನ್ನೇ ಕೇಳುತ್ತವೆ. ಮೂಗಿಗೆ ಬಂದದ್ದನ್ನು ಹಾಗೇ ಹೇಳುವ ಮನಸ್ಸಿದ್ದರೆ ಸಾಕು. ಓದಿಕೊಂಡು ಬಂದವರು ಓದಿದ್ದನ್ನು ಹೇಳುತ್ತಾರೆ. ಹೊಸಬರು ಇದ್ದದ್ದನ್ನು ಹೇಳುತ್ತಾರೆ. ನಮಗೆ ಬೇಕಾಗಿರುವುದು ಅದೇ.

ಒಂದೊಂದು ಬಿಯರ್ ಎಷ್ಟು?

ತಲೆಗೆ ಸುಮಾರು 80ರಿಂದ 100 ಮಿ.ಲೀ. ಒಂದು ಸಲಕ್ಕೆ ಐದು ಬಗೆ, ಅದಕ್ಕಿಂತ ಹೆಚ್ಚು ಬೇಡ. ಲೆಕ್ಕ ನೋಡಿ: 100 ಮಿ.ಲೀ.ನಂತೆ ಐದು ಬಿಯರ್ ಅಂದರೆ ಅರ್ಧ ಲೀಟರ್. ಶೇ. 5ರ ಬಿಯರ್ ಆದರೆ ಅದರಲ್ಲಿ 25 ಮಿ.ಲೀ., ಅಂದರೆ ಸುಮಾರು 20 ಗ್ರಾಂ ಆಲ್ಕೋಹಾಲ್. ಶೇ. 8ರ ಸ್ಟ್ರಾಂಗ್ ಬಿಯರಿನ ಒಂದು 650 ಮಿ.ಲೀ. ಬಾಟಲಿಯಲ್ಲಿ ಇದರ ಎರಡರಷ್ಟು ಇರುತ್ತದೆ. ಮನೆಯಲ್ಲಿ ಆರು ಜನ ಸೇರಿದರೆ 500 ಮಿ.ಲೀ. ಕ್ಯಾನ್ ಒಂದು ಸರಿಯಾಗಿ ಒಂದು ಸುತ್ತಿಗೆ ಬರುತ್ತದೆ.

ಆರೋಗ್ಯದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. ಇಷ್ಟು ಕುಡಿದರೆ ಏನೂ ಆಗಲ್ಲ ಅನ್ನುವಂಥ ಪ್ರಮಾಣ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಬಸುರಿಯರು, ಔಷಧಿ ತಗೋತಿರುವವರು, ಕುಡಿತ ಬಿಟ್ಟವರು ರುಚಿಗೆಂದೂ ಮುಟ್ಟಬಾರದು.

ಯಾವುದು ಮೊದಲು, ಯಾವುದು ಆಮೇಲೆ?

ತೆಳುವಿನಿಂದ ಗಟ್ಟಿಗೆ. ಕಮ್ಮಿ ಕಹಿಯಿಂದ ಜಾಸ್ತಿ ಕಹಿಗೆ. ಮೊದಲು ಪಿಲ್ಸ್ನರ್ (ತಿಳಿ ಹಳದಿ ಲಾಗರ್) ಅಥವಾ ಬ್ಲಾಂಡ್ (ತಿಳಿ ಬಣ್ಣದ ಏಲ್), ಆಮೇಲೆ ಗೋಧಿಯ ಬಿಯರ್, ಆಮೇಲೆ ಕೆಂಪು ಏಲ್ (ಏಲ್ ಅಂದರೆ ಲಾಗರಿಗಿಂತ ಬೆಚ್ಚಗೆ ಹುದುಗಿಸಿದ್ದು), ಆಮೇಲೆ ಐಪಿಎ (ಇಂಡಿಯಾ ಪೇಲ್ ಏಲ್, ಹಾಪ್ಸ್ ಜಾಸ್ತಿ ಇರುವ ಕಹಿ ಏಲ್), ಕೊನೆಗೆ ಸ್ಟೌಟ್ (ಹುರಿದ ಮಾಲ್ಟಿನ ಕಪ್ಪು ಬಿಯರ್). ಐಪಿಎ ಕುಡಿದ ನಾಲಿಗೆಗೆ ಪಿಲ್ಸ್ನರ್ ನೀರಿನಂತೆ ಅನಿಸುತ್ತದೆ. ಹುಳಿ ಬಿಯರ್ (ಬೇಕೆಂದೇ ಹುಳಿ ಬರಿಸಿದ್ದು) ಇದ್ದರೆ ಎಲ್ಲಿಡಬೇಕು ಅನ್ನುವುದು ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನಡುವೆ ಇಟ್ಟರೆ ಬಾಯಿ ಚುರುಕಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಗ್ಲಾಸ್ ಕೈಗೆ ಬಂದಮೇಲೆ ಏನು ಮಾಡಬೇಕು?

ಮೊದಲು ನೋಡಿ. ಬಣ್ಣ, ತಿಳಿಯೋ ಮಬ್ಬೋ, ನೊರೆ ಎಷ್ಟು ಹೊತ್ತು ನಿಲ್ಲುತ್ತದೆ. ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ಕೂತಿದ್ದರೆ ಬಿಯರ್ ತಪ್ಪಲ್ಲ, ಗ್ಲಾಸಿಗೆ ಜಿಡ್ಡು ಹತ್ತಿದೆ. ಶುದ್ಧ ಗ್ಲಾಸಿನಲ್ಲಿ ಗುಳ್ಳೆಗಳು ಸಾಲಾಗಿ ಮೇಲೇಳುತ್ತವೆ. ಕುಡಿಯುತ್ತಾ ಹೋದಂತೆ ನೊರೆ ಉಂಗುರ ಉಂಗುರವಾಗಿ ಗೋಡೆಗೆ ಅಂಟುತ್ತದೆ. ಮನೆಯಲ್ಲಿ ಸೇರುವಾಗ ಎಣ್ಣೆ ಪಾತ್ರೆಯ ಸ್ಕ್ರಬ್ಬರಿನಲ್ಲಿ ಬಿಯರ್ ಗ್ಲಾಸ್ ತೊಳೆಯಬೇಡಿ. ಚೆನ್ನಾಗಿ ಜಾಲಿಸಿ, ಬೋರಲು ಹಾಕಿ, ಗಾಳಿಗೆ ಆರಲು ಬಿಡಿ.

ಆಮೇಲೆ ಮೂಸಿ. ಗ್ಲಾಸನ್ನು ಒಂದು ಸುತ್ತು ತಿರುಗಿಸಿ, ಮೂಗು ಹತ್ತಿರ ತಂದು ಎರಡು ಮೂರು ಸಣ್ಣ ಉಸಿರು. ಒಂದೇ ಸಲ ದೀರ್ಘವಾಗಿ ಎಳೆದುಕೊಂಡರೆ ಮೂಗು ಬೇಗ ಮಂಕಾಗುತ್ತದೆ. ನೊರೆ ಇಳಿಯುವ ಮುಂಚೆ ಮೂಸಿದರೆ ಒಳ್ಳೆಯದು, ಘಮ ಅಲ್ಲಿ ಜಾಸ್ತಿ.

ಆಮೇಲೆ ಒಂದು ಗುಟುಕು. ಬಾಯಿ ತುಂಬ ಒಮ್ಮೆ ಓಡಾಡಿಸಿ, ನುಂಗಿ. ವೈನ್ ರುಚಿ ನೋಡುವವರು ಉಗುಳುತ್ತಾರೆ, ಬಿಯರಿನಲ್ಲಿ ಆ ಪದ್ಧತಿ ಇಲ್ಲ. ನುಂಗಿದ ಮೇಲೆ ಉಳಿಯುವ ಕಹಿಯೂ ರುಚಿಯ ಭಾಗ. ನುಂಗಿದ ಕೂಡಲೇ ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಿ. ಇದೊಂದನ್ನು ಯಾರೂ ಮಾಡುವುದಿಲ್ಲ, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಬಾಯಿಯ ಹಿಂಭಾಗದಿಂದ ಮೂಗಿಗೆ ಹೋಗುವ ಗಾಳಿಯಲ್ಲೇ ಮುಕ್ಕಾಲು ರುಚಿ ಇರುತ್ತದೆ ಅನ್ನಬಹುದು. ಶೀತ ಆದಾಗ ಊಟ ಸಪ್ಪೆಯಾಗುವುದು ಅದಕ್ಕೇ.

ಈಗ, ಮಾತಾಡುವ ಮುಂಚೆ, ಚೀಟಿಯಲ್ಲಿ ಬರೆಯಿರಿ. ಮೂರು ಪದ ಸಾಕು. ಎಲ್ಲರೂ ಬರೆದು ಮುಗಿಯುವ ತನಕ ಯಾರೂ ಬಾಯಿ ಬಿಡುವ ಹಾಗಿಲ್ಲ. ರುಚಿ ನೋಡುವಾಗ ನಮ್ಮಲ್ಲಿ ಕಟ್ಟುನಿಟ್ಟಿನ ನಿಯಮ ಅಂತ ಇರುವುದು ಇದೊಂದೇ.

ಅದ್ಯಾಕೆ ಅಷ್ಟು ಕಟ್ಟುನಿಟ್ಟು? ಸುಮ್ನೆ ಮಾತಾಡಿದ್ರೆ ಆಗಲ್ವಾ?

ಒಬ್ಬರು "ಇದು ಬಾಳೆಹಣ್ಣು ಕಣೋ" ಅಂದರೆ ಮುಗಿಯಿತು. ಮಿಕ್ಕವರ ಮೂಗೆಲ್ಲ ಬಾಳೆಹಣ್ಣನ್ನೇ ಹುಡುಕಲು ಶುರುಮಾಡುತ್ತದೆ. ಆಮೇಲೆ ಬೇರೆ ಯಾವ ಮಾತೂ ಬರುವುದಿಲ್ಲ. ಗಟ್ಟಿಯಾಗಿ ಮಾತಾಡುವವರ ಅನಿಸಿಕೆಯೇ ಎಲ್ಲರ ಅನಿಸಿಕೆ ಆಗಿಬಿಡುತ್ತದೆ. ಬರೆದಿಟ್ಟರೆ ಮೂಲೆಯಲ್ಲಿ ಕೂತು ಮಾತಾಡದವರು "ಲವಂಗ" ಅಂತ ಬರೆದಿರುವುದೂ ಹೊರಗೆ ಬರುತ್ತದೆ. ಹೊಸಬರು ಮೊದಲು ಓದಬೇಕು, ಹಳಬರು ಆಮೇಲೆ.

ಎಲ್ಲರಿಗೂ ಬಾಳೆಹಣ್ಣಿನ ವಾಸನೆ ಬರುತ್ತೆ, ನನಗೆ ಬರಲ್ಲ. ನನ್ನ ಮೂಗು ಸರಿ ಇಲ್ವಾ?

ಸರಿಯಾಗಿದೆ. ಮೂಗು ಮೂಗಿಗೂ ವ್ಯತ್ಯಾಸ ಇರುತ್ತದೆ.

ಬವೇರಿಯಾದ ಗೋಧಿ ಬಿಯರ್ ಹೆಫೆವೈಜನ್ ತಗೊಳ್ಳಿ. ಬೆಂಗಳೂರಿನ ಬಹುತೇಕ ಬ್ರೂಪಬ್‌ಗಳಲ್ಲಿ ಇದು ಸಿಗುತ್ತದೆ. ಇದಕ್ಕೆ ಬಾಳೆಹಣ್ಣನ್ನೂ ಹಾಕಿಲ್ಲ, ಲವಂಗವನ್ನೂ ಹಾಕಿಲ್ಲ. ಐಸೋಅಮೈಲ್ ಅಸಿಟೇಟ್ ಅನ್ನುವ ವಸ್ತುವನ್ನು ಯೀಸ್ಟ್ ತಾನೇ ತಯಾರಿಸುತ್ತದೆ, ಬಾಳೆಹಣ್ಣಿನಲ್ಲೂ ಇರುವುದು ಅದೇ. ಲವಂಗದ ಘಮ ಕೊಡುವುದು ಇನ್ನೊಂದು ವಸ್ತು, ಅದೂ ಯೀಸ್ಟ್‌ನದೇ ಕೆಲಸ. ಹುದುಗುವಾಗಿನ ಬಿಸಿ, ಯೀಸ್ಟ್‌ನ ತಳಿ, ಎಷ್ಟು ಯೀಸ್ಟ್ ಹಾಕಿದರು ಅನ್ನುವುದರ ಮೇಲೆ ಈ ಎರಡರ ತೂಕ ಆಚೀಚೆ ಆಗುತ್ತದೆ. ಹಾಗಾಗಿ ಒಂದು ಕಡೆ ಬಾಳೆಹಣ್ಣು ಮುಂದೆ, ಇನ್ನೊಂದು ಕಡೆ ಲವಂಗ ಮುಂದೆ. ಗ್ಲಾಸ್ ಸ್ವಲ್ಪ ಬೆಚ್ಚಗಾಗಲು ಬಿಟ್ಟು ಮತ್ತೆ ಮೂಸಿ ನೋಡಿ. ಆಗಲೂ ಬರದಿದ್ದರೆ ಬಂದಿಲ್ಲ ಅಂತಲೇ ಬರೆಯಿರಿ.

ಬೆಣ್ಣೆಯ ವಾಸನೆ ಕೊಡುವ ಡಯಾಸಿಟೈಲ್ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ. ಕೆಲವರಿಗೆ ಚೂರು ಇದ್ದರೂ ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್ ಥರ ಹೊಡೆಯುತ್ತದೆ, ಕೆಲವರಿಗೆ ಗೊತ್ತೇ ಆಗುವುದಿಲ್ಲ. ಬ್ರೂವರಿಗಳಲ್ಲೂ ಒಬ್ಬರ ಮೂಗನ್ನು ನಂಬಿ ತೀರ್ಮಾನ ಮಾಡುವುದಿಲ್ಲ, ಹಲವರನ್ನು ಕೂರಿಸಿ ರುಚಿ ನೋಡಿಸುತ್ತಾರೆ. ಗೆಳೆಯರ ಗುಂಪಿನಲ್ಲಿ ರುಚಿ ನೋಡುವುದರಿಂದ ಇರುವ ದೊಡ್ಡ ಲಾಭ ನನ್ನ ಪ್ರಕಾರ ಇದು. ನಿಮ್ಮ ಮೂಗಿಗೆ ಸಿಗದ್ದು ಪಕ್ಕದವರಿಗೆ ಸಿಗುತ್ತದೆ.

ಹೇಳೋಕೆ ಪದ ಸಿಗಲ್ಲ. "ಚೆನ್ನಾಗಿದೆ" ಬಿಟ್ಟು ಇನ್ನೇನು ಹೇಳೋದು?

ನಿಮ್ಮ ಅಡುಗೆಮನೆ, ಅಂಗಡಿ, ತೋಟ ನೆನಪು ಮಾಡಿಕೊಳ್ಳಿ. ಜೋನಿ ಬೆಲ್ಲ, ಹುರಿಗಡಲೆ, ಸೀದ ರೊಟ್ಟಿ, ಹೆರಳೆಕಾಯಿ ಸಿಪ್ಪೆ, ಹಸಿ ಹುಲ್ಲು, ಕಾಫಿ ಪುಡಿ ಅಂಗಡಿ. ಇವೆಲ್ಲ ನಮ್ಮ ಚೀಟಿಗಳಲ್ಲಿ ಬಂದಿರುವ ಪದಗಳೇ. ಐಪಿಎ ಕುಡಿದು "ಮಾವಿನಕಾಯಿ ಸೊನೆ" ಅಂತ ಬರೆದವರೂ ಇದ್ದಾರೆ, ಓದಿದ ಕೂಡಲೇ ಎಲ್ಲರಿಗೂ ಅದು ಹೌದು ಅನಿಸಿತು. ಹಾಪ್ಸ್‌ನಲ್ಲೂ ಮಾವಿನಲ್ಲೂ ಮಿರ್ಸೀನ್ ಅನ್ನುವ ಒಂದೇ ವಾಸನೆಯ ವಸ್ತು ಇದೆ, ಹಾಗಾಗಿ ಇದು ಬರೀ ಕಲ್ಪನೆಯಲ್ಲ.

ಘಮ ಹೊಳೆಯದಿದ್ದರೆ ಬಾಯಿಗೆ ಹೇಗಿದೆ ಅಂತ ಹೇಳಿ. ತೆಳುವಾ, ಮಂದವಾ? ಒಗರಾ? ಕಹಿ ತಕ್ಷಣ ಹೋಗುತ್ತದೋ, ಗಂಟಲಲ್ಲಿ ಕೂರುತ್ತದೋ? ಇನ್ನೊಂದು ಗುಟುಕು ಬೇಕು ಅನಿಸಿತಾ? ಕೊನೆಯ ಪ್ರಶ್ನೆಯೇ ದೊಡ್ಡ ವಿಮರ್ಶೆ.

ಅಂಕ ಕೊಡಬೇಕಾ?

ಬೇಕಿದ್ದರೆ ಕೊಡಿ. ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರ್ ತೀರ್ಪುಗಾರರ ಸಂಘಟನೆ ಬಿಜೆಸಿಪಿಯ ಹಾಳೆಯಲ್ಲಿ ಒಟ್ಟು 50 ಅಂಕ. ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ ಬರೀ ಮೂರೇ ಅಂಕ ಅನ್ನುವುದು ಗಮನಿಸಿ. ಬಣ್ಣ ನೋಡಿ ಮನಸ್ಸು ಮಾಡಿಬಿಡುವವರಿಗೆ ಒಳ್ಳೆಯ ಪಾಠ. ನಾವು ಮಾತ್ರ ಅಂಕ ಬಿಟ್ಟಿದ್ದೇವೆ. ನಂಬರ್ ಬಂದ ಕೂಡಲೇ ಮಾತು ನಿಂತು ಹೋಗುತ್ತದೆ.

ಅದರ ಬದಲು ಮೂರು ಗ್ಲಾಸಿನ ಆಟ ಆಡಿ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಅದಕ್ಕೆ ಹತ್ತಿರದ ಇನ್ನೊಂದು. ಬೇರೆ ಇರುವುದು ಯಾವುದು ಅಂತ ಹೇಳಬೇಕು. ಬ್ರೂವರಿಗಳಲ್ಲೂ ಇದೇ ಪರೀಕ್ಷೆ ಮಾಡುತ್ತಾರೆ. ಸುಲಭ ಅನಿಸುತ್ತದೆ, ಆದರೆ ಎರಡು ಬೇರೆ ಬ್ರ್ಯಾಂಡಿನ ಲಾಗರ್ ಇಟ್ಟರೆ ಮೇಜೆಲ್ಲ ಗಪ್‌ಚುಪ್.

ಎಷ್ಟು ತಂಪಿರಬೇಕು?

ಲಾಗರ್, ಪಿಲ್ಸ್ನರ್ 4ರಿಂದ 7 ಡಿಗ್ರಿ. ಗೋಧಿ ಬಿಯರ್ ಸ್ವಲ್ಪ ಮೇಲೆ. ಏಲ್, ಐಪಿಎ 8ರಿಂದ 12. ಸ್ಟೌಟ್ 10ರ ಮೇಲೆ. ಮನೆಯಲ್ಲಾದರೆ ಸ್ಟೌಟನ್ನು ಫ್ರಿಜ್‌ನಿಂದ ಮೊದಲೇ ತೆಗೆದಿಡಿ. ಫ್ರೀಜರಿನಲ್ಲಿಟ್ಟ ಗ್ಲಾಸ್ ಬೇಡವೇ ಬೇಡ. ತೀರಾ ತಂಪಾದರೆ ಘಮ ಮೇಲೇಳುವುದಿಲ್ಲ.

ಬೆಂಗಳೂರಿನಲ್ಲಿ ಎಲ್ಲಿ ಶುರುಮಾಡೋದು?

2010-11ರ ಸುಮಾರಿಗೆ ಇಂದಿರಾನಗರದ ಟಾಯ್ಟ್, ಲ್ಯಾವೆಲ್ ರಸ್ತೆ ಕಡೆಯ ದಿ ಬಿಯರ್ ಕ್ಲಬ್ ಎಂಬ ಬ್ರೂಪಬ್‌ಗಳು ಸ್ಥಳದಲ್ಲೇ ಬಿಯರ್ ಮಾಡಿ ಕೊಡಲು ಶುರುಮಾಡಿದವು. ಮುಂದೆ ಮೆಗ್ರಾತ್ ರಸ್ತೆಯ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಬಂದವು. ಆರ್ಬರ್‌ನ ಬೇರು ಅಮೆರಿಕದ ಮಿಷಿಗನ್‌ನ ಆ್ಯನ್ ಆರ್ಬರ್ ಊರಿನಲ್ಲಿದೆ. ಅಲ್ಲಿಂದೀಚೆಗೆ ಊರ ತುಂಬ ಬ್ರೂಪಬ್‌ಗಳಾಗಿವೆ. ಹೋದ ಕಡೆ "ಸ್ಯಾಂಪ್ಲರ್ ಇದೆಯಾ?" ಅಂತ ಕೇಳಿ. ಸಣ್ಣ ಗ್ಲಾಸುಗಳಲ್ಲಿ ನಾಲ್ಕೈದು ಬಗೆ ಒಂದೇ ತಟ್ಟೆಯಲ್ಲಿ ಬರುತ್ತವೆ. ಭಾನುವಾರ ರಾತ್ರಿಗಿಂತ ವಾರದ ದಿನದ ಮಧ್ಯಾಹ್ನ ಒಳ್ಳೆಯದು. ಸದ್ದು ಕಮ್ಮಿ ಇರುತ್ತದೆ, ಬ್ರೂವರ್ ಬಿಡುವಾಗಿದ್ದರೆ ಬಂದು ಮಾತಾಡುತ್ತಾರೆ.

ಇಲ್ಲಿಯ ಬೆಳೆ ಹಾಕಿದ್ದು ಏನಿದೆ ಅಂತಲೂ ಕೇಳಿ. ಟಾಯ್ಟ್‌ನಲ್ಲಿ ಬಾಸ್ಮತಿ ಅಕ್ಕಿಯ ಬ್ಲಾಂಡ್ ಇದೆ. ಬೇರೆ ಬೇರೆ ಕಡೆ ಮಾವಿನ ಕಾಲದಲ್ಲಿ ಮಾವಿನ ಬಿಯರ್, ಆಗಾಗ ರಾಗಿ ಬಿಯರ್, ಚಿಕ್ಕಮಗಳೂರು ಅಥವಾ ಕೊಡಗಿನ ಕಾಫಿ ಹಾಕಿದ ಸ್ಟೌಟ್ ಬರುತ್ತವೆ. ಕಾಫಿ ಕುಡಿದು ಬೆಳೆದ ನಮ್ಮ ನಾಲಿಗೆಗೆ ಆ ಸ್ಟೌಟ್ ಬಗ್ಗೆ ಹೇಳಲು ತುಂಬ ಇರುತ್ತದೆ. ಮೊದಲ ಕೂಟಕ್ಕೆ ಅದನ್ನೊಂದು ತಪ್ಪದೆ ಇಡಿ.

ಐಪಿಎಯಲ್ಲಿ ಇಂಡಿಯಾ ಅಂತ ಇದೆಯಲ್ಲ, ಅದು ನಮ್ಮ ಬಿಯರ್ರಾ?

ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಕುಡಿದವರು ಇಲ್ಲಿದ್ದ ಬ್ರಿಟಿಷರು. ಲಂಡನ್ನಿನ ಹಾಡ್ಜ್‌ಸನ್ ಎಂಬ ಬ್ರೂವರ್‌ನ ಅಂಗಡಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುವ ಕಡೆಗೆ ಹತ್ತಿರ ಇತ್ತು. ಹಡಗಿನವರು ಅವನ ಪೇಲ್ ಏಲ್ ಪೀಪಾಯಿಗಳನ್ನು ತಂದು ಇಲ್ಲಿ ಮಾರುತ್ತಿದ್ದರು. ತಿಂಗಳುಗಟ್ಟಲೆ ಸಮುದ್ರದ ಮೇಲೆ ಸೆಕೆ ಕಂಡು ಅದು ಹದವಾಗಿ ಮಾಗುತ್ತಿತ್ತು. 1820ರ ದಶಕದಲ್ಲಿ ಬರ್ಟನ್ ಊರಿನ ಬ್ರೂವರ್‌ಗಳು ಈ ವ್ಯಾಪಾರಕ್ಕೆ ಇಳಿದರು.

ದಾರಿಯಲ್ಲಿ ಕೆಡಬಾರದೆಂದೇ ಇದನ್ನು ಹೊಸದಾಗಿ ಕಂಡುಹಿಡಿದರು ಎಂಬ ಕಥೆಯನ್ನು ಪ್ರತಿ ಕೂಟದಲ್ಲೂ ಯಾರಾದರೂ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಕಪ್ಪು ಪೋರ್ಟರ್ ಬಿಯರ್ ಕೂಡ ಅದೇ ಹಡಗುಗಳಲ್ಲಿ ಬಂದು ಕೆಡದೆ ತಲುಪುತ್ತಿತ್ತು. ಹಾಪ್ಸ್ ಜಾಸ್ತಿ ಇದ್ದರೆ ಬಿಯರ್ ಹೆಚ್ಚು ದಿನ ಬಾಳುತ್ತದೆ ಅನ್ನುವುದು ಮಾತ್ರ ನಿಜ. ಈಗ ನಾವು ಕುಡಿಯುವ ಹಣ್ಣಿನ ಘಮದ ಐಪಿಎ ಅಮೆರಿಕದವರು ಬೆಳೆಸಿದ್ದು. ಇದು ತಾಜಾ ಇದ್ದಷ್ಟೂ ಒಳ್ಳೆಯದು.

ಬಿಯರ್ ಕೆಟ್ಟಿದೆಯೋ ಅಥವಾ ಅದರ ರುಚಿಯೇ ಹಾಗೋ, ಹೇಗೆ ಗೊತ್ತಾಗೋದು?

ಕೆಲವು ಗುರುತುಗಳಿವೆ. ಒದ್ದೆ ರಟ್ಟಿನ ವಾಸನೆ ಬಂದರೆ ಹಳೆಯದಾಗಿದೆ. ಬೇಯಿಸಿದ ಜೋಳದ ವಾಸನೆ ಬಂದರೆ ಕುದಿಸುವ ಹಂತದಲ್ಲಿ ತೊಂದರೆ ಇರಬಹುದು. ಹಸಿ ಸೇಬಿನ ವಾಸನೆ ಬಂದರೆ ಪೂರ್ತಿ ಮಾಗುವ ಮುಂಚೆಯೇ ತೆಗೆದಿದ್ದಾರೆ. ಆಸ್ಪತ್ರೆ ವಾಸನೆ ಬಂದರೆ ಕ್ಲೋರಿನ್ ಮೇಲೆ ಅನುಮಾನ ಪಡಿ. ಹುಳಿ ಬಿಯರ್ ಅಲ್ಲದ್ದು ಹುಳಿಯಾಗಿದ್ದರೆ ಬೇಡದ ಬ್ಯಾಕ್ಟೀರಿಯಾ ಸೇರಿದೆ, ಎಷ್ಟೋ ಸಲ ಟ್ಯಾಪಿನ ಪೈಪ್ ತೊಳೆಯದೆ ಬಿಟ್ಟಿರುತ್ತಾರೆ.

ಒಂದನ್ನು ನೀವೇ ಮಾಡಿ ನೋಡಬಹುದು. ಹಾಪ್ಸ್ ಚೆನ್ನಾಗಿರುವ ಒಂದು ಪಿಲ್ಸ್ನರನ್ನು ಎರಡು ಗಾಜಿನ ಗ್ಲಾಸಿಗೆ ಹಾಕಿ. ಒಂದನ್ನು ಮುಚ್ಚಿ ಒಳಗಿಡಿ, ಇನ್ನೊಂದನ್ನು ಬಾಲ್ಕನಿಯ ನೇರ ಬಿಸಿಲಿಗೆ ಇಡಿ. ಕಾಲು ಗಂಟೆ ಬಿಟ್ಟು ಎರಡನ್ನೂ ಮೂಸಿ. ಬಿಸಿಲಿಗಿಟ್ಟದ್ದು ಸುಟ್ಟ ರಬ್ಬರಿನ ಥರ ನಾರುತ್ತದೆ. ಬೆಳಕು ಹಾಪ್ಸ್‌ನ ಕಹಿ ವಸ್ತುವನ್ನು ಒಡೆಯುತ್ತದೆ, ಅದಕ್ಕೆ ಗಂಧಕ ಸೇರಿ ಈ ನಾತ ಹುಟ್ಟುತ್ತದೆ. ಕಂದು ಬಾಟಲಿ ಯಾಕೆ, ಅಂಗಡಿಯ ಕಿಟಕಿಯಲ್ಲಿ ಬಿಸಿಲಿಗೆ ನಿಂತ ಹಸಿರು ಬಾಟಲಿ ಯಾಕೆ ಬೇಡ ಅನ್ನುವುದು ಇನ್ನು ಜೀವಮಾನ ಮರೆಯುವುದಿಲ್ಲ.

ಬ್ರೂಪಬ್‌ನಲ್ಲಿ ತಪ್ಪು ಕಂಡರೆ ಮೆಲ್ಲಗೆ ಹೇಳಿ. ಕೂಗಾಡುವುದು ಬೇಡ. ಒಳ್ಳೆಯ ಜಾಗದವರು ಗ್ಲಾಸ್ ತಗೊಂಡು ತಾವೂ ರುಚಿ ನೋಡಿ, ಬದಲಾಯಿಸಿ ಕೊಡುತ್ತಾರೆ.

ಬಾಟಲಿಯನ್ನು ನೀರಿನ ಗ್ಲಾಸಿನಲ್ಲಿ ಬೋರಲು ಹಿಡಿದ್ರೆ ಬಿಯರಿಗೆ ಸೇರಿಸಿರೋ ಗ್ಲಿಸರಿನ್ ಹೊರಗೆ ಬರುತ್ತಂತೆ, ನಿಜಾನಾ?

ಇಲ್ಲ. ನೀರಿನಲ್ಲಿ ದಾರದಂತೆ ಕೆಳಗಿಳಿಯುವುದು ಬಿಯರ್ರೇ. ಹುದುಗಿದ ಮೇಲೂ ಒಂದಿಷ್ಟು ಸಕ್ಕರೆ ಅಂಶ ಉಳಿಯುವುದರಿಂದ ಬಿಯರ್ ನೀರಿಗಿಂತ ಚೂರು ಭಾರ. ಹಾಗಾಗಿ ಅದು ಇಳಿಯುತ್ತದೆ, ನೀರು ಮೇಲೆ ಹೋಗುತ್ತದೆ. ಯೀಸ್ಟ್ ಕೆಲಸ ಮಾಡಿದ ಯಾವ ಪಾನೀಯದಲ್ಲೂ ತುಸು ಗ್ಲಿಸರಿನ್ ತಾನಾಗಿಯೇ ಇರುತ್ತದೆ, ಅದನ್ನು ಹೀಗೆ ಬೇರ್ಪಡಿಸಲು ಆಗುವುದಿಲ್ಲ. ಈ ಪದ್ಧತಿಯಿಂದ ಆಗುವುದು ಒಂದೇ, ನಿಮ್ಮ ಬಿಯರಿಗೆ ನೀರು ಸೇರುತ್ತದೆ.

ನಂಚಿಕೊಳ್ಳೋಕೆ ಏನಿಡಬೇಕು?

ರುಚಿ ನೋಡುವಾಗ ಖಾರದ್ದು ಬೇಡ. ಉಪ್ಪು, ಖಾರ ಏನೂ ಹಾಕದ ಬರೀ ಕಡ್ಲೆಪುರಿ ಮತ್ತು ನೀರು ಇಟ್ಟುಕೊಳ್ಳಿ. ಒಂದು ಬಿಯರಿನಿಂದ ಇನ್ನೊಂದಕ್ಕೆ ಹೋಗುವಾಗ ಬಾಯಿ ಖಾಲಿ ಮಾಡಲು ಇದಕ್ಕಿಂತ ಒಳ್ಳೆಯದು ನಮಗೆ ಸಿಕ್ಕಿಲ್ಲ.

ಚೀಟಿ ಓದಿ ಮುಗಿದ ಮೇಲೆ ಬೇಕಾದ್ದು ತಿನ್ನಿ. ಆಗ ಇನ್ನೊಂದು ಆಟ ಶುರು. ಕಾಂಗ್ರೆಸ್ ಕಡಲೆಕಾಯಿ ಪಿಲ್ಸ್ನರಿಗೆ ಚೆನ್ನಾಗಿ ಹೊಂದುತ್ತದೆ. ಚಿಕನ್ ಘೀ ರೋಸ್ಟ್ ಜೊತೆ ಕಹಿ ಐಪಿಎ ಕುಡಿದರೆ ಮೆಣಸಿನ ಉರಿ ಇನ್ನೂ ಏರುತ್ತದೆ. ಅದೇ ಗೋಧಿ ಬಿಯರ್ ಕುಡಿದರೆ ತಣಿಯುತ್ತದೆ. ಪಂದಿ ಕರಿಯಲ್ಲಿರುವ ಕಾಚಂಪುಳಿಯ ಹುಳಿಗೂ ಕಪ್ಪು ಮಸಾಲೆಗೂ ಹುರಿದ ಮಾಲ್ಟಿನ ಕಪ್ಪು ಬಿಯರ್ ಬಹಳ ಒಳ್ಳೆಯ ಜೋಡಿ. ಸಸ್ಯಾಹಾರಿಗಳಿಗೆ ಕೆಂಪು ಏಲ್ ಮತ್ತು ಮದ್ದೂರು ವಡೆ. ಹುರಿದ ಈರುಳ್ಳಿಯ ಸಿಹಿ, ಮಾಲ್ಟಿನ ಸಿಹಿ ಎರಡೂ ಕೈ ಹಿಡಿದುಕೊಳ್ಳುತ್ತವೆ.

ಮನೆಯಲ್ಲೇ ಬಿಯರ್ ಮಾಡಿ ತರಬಹುದಾ?

ಬೇಡ. ಲೈಸೆನ್ಸ್ ಇಲ್ಲದೆ ತಯಾರಿಸುವುದು ಕರ್ನಾಟಕದ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ.

ಒಬ್ಬರೇ ಮಾತಾಡ್ತಾ ಇದ್ರೆ ಏನು ಮಾಡೋದು?

ಎಲ್ಲ ಕೂಟದಲ್ಲೂ ಅಂಥವರೊಬ್ಬರು ಇರುತ್ತಾರೆ. ಓದಿಕೊಂಡಿರುತ್ತಾರೆ, ಪ್ರೀತಿಯಿಂದಲೇ ಹೇಳುತ್ತಾರೆ. ಅವರಿಗೆ ಕೆಲಸ ಕೊಡಿ. ಆ ದಿನದ ಬಿಯರ್ ಆರಿಸುವುದು, ಸುರಿಯುವುದು ಅವರ ಪಾಲಿಗೆ. ಸುರಿಯುವವರು ಕೊನೆಯಲ್ಲಿ ಮಾತಾಡಬೇಕು ಅಂತ ಮೊದಲೇ ಹೇಳಿ. "ಇದು ನಿನಗೆ ಅರ್ಥ ಆಗಲ್ಲ ಬಿಡು" ಅನ್ನುವ ಮಾತು ಮಾತ್ರ ಯಾರ ಬಾಯಿಂದಲೂ ಬರಬಾರದು. ಆ ಒಂದು ಮಾತಿಗೆ ಮುಂದಿನ ಸಲ ಇಬ್ಬರು ಕಮ್ಮಿಯಾಗುತ್ತಾರೆ.

ವಾಪಸ್ ಹೋಗೋದು ಹೇಗೆ?

ಮೆಟ್ರೋ, ಆಟೋ, ಕ್ಯಾಬ್. ರುಚಿ ನೋಡಿದ್ದು ಸ್ವಲ್ಪವೇ ಆದರೂ ಗಾಡಿ ಮುಟ್ಟುವ ಹಾಗಿಲ್ಲ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ನಮ್ಮ ಕೂಟಕ್ಕೆ ಯಾರಾದರೂ ಬೈಕಿನಲ್ಲಿ ಬಂದರೆ ಕೀಲಿ ಮೊದಲೇ ಕೊಟ್ಟುಬಿಡಬೇಕು, ಗಾಡಿ ಮಾರನೇ ದಿನ ಒಯ್ಯಬೇಕು. ಇದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಕುಡಿಯದ ಗೆಳೆಯರನ್ನು ಕರೆತರಬಹುದಾ?

ಖಂಡಿತ. ಮೂಸಿ ನೋಡಲು ಕುಡಿಯಬೇಕಾಗಿಲ್ಲ. ಇಷ್ಟವಿದ್ದರೆ ಗ್ಲಾಸ್ ಅವರ ಕೈಗೂ ಒಂದು ಸುತ್ತು ಹೋಗಲಿ, ಅವರೂ ಚೀಟಿ ಬರೆಯಲಿ. ನಮ್ಮಲ್ಲಿ ಒಂದು ಹನಿ ಕುಡಿಯದ ಒಬ್ಬರಿದ್ದಾರೆ, ಡಯಾಸಿಟೈಲ್ ಮೊದಲು ಹಿಡಿಯುವುದು ಅವರೇ. ಕುಡಿಯಲು ಅವರಿಗೆ ಏನು ಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಮಜ್ಜಿಗೆಯೋ, ನಿಂಬೆ ಸೋಡಾನೋ, ಅದೂ ಮೇಜಿನ ಮೇಲೆ ಬಿಯರ್ ಜೊತೆಗೇ ಬರಬೇಕು. "ಒಂದೇ ಗುಟುಕು, ಏನಾಗಲ್ಲ" ಅಂತ ಯಾರೂ ಒತ್ತಾಯ ಮಾಡಬಾರದು.